ಮೀಟರಕ್ಕನ ಕೆಂಪು ಚುಕ್ಕೆ

ಹೊರಾಂಗಣದಲ್ಲಿ ಫೋಟೊ ತೆಗೆಯುವವರೆಂದರೆ ಬೆಟ್ಟ, ನವಿಲು, ಸೂರ್ಯಾಸ್ತ ಎಂದು ಅಲೆಯುವ ಜನ ಎಂದುಕೊಂಡಿದ್ದರೆ, ನೀವು ನಮ್ಮ ಮೀಟರಕ್ಕನನ್ನು ನೋಡಿಲ್ಲ. ಹನ್ನೊಂದು ವರ್ಷದಿಂದ ಅವಳು ಮನೆಮನೆ ತಿರುಗಿ ನೀರಿನ ಮೀಟರ್ ಓದುತ್ತಾಳೆ. ಮೊದಲು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಮೂರು ವರ್ಷದಿಂದೀಚೆಗೆ ಕಚೇರಿಯವರು ಕೈಗೊಂದು ಫೋನು ಕೊಟ್ಟು, ಅದರಲ್ಲೊಂದು ಆ್ಯಪ್ ಹಾಕಿ, ಪ್ರತಿ ಮೀಟರಿನ ಫೋಟೊ ತೆಗೆದು ಕಳಿಸು ಎಂದಿದ್ದಾರೆ. ಮೀಟರುಗಳೇನು ಹೂವಿನ ಕುಂಡದ ಪಕ್ಕ ಪೋಸು ಕೊಟ್ಟುಕೊಂಡು ನಿಂತಿರುತ್ತವೆಯೇ? ಒಂದು ಮೆಟ್ಟಿಲ ಕೆಳಗೆ, ಒಂದು ಮುಳ್ಳುಗಿಡದ ಹಿಂದೆ, ಒಂದು ಮೊಣಕಾಲುದ್ದದ ಗುಂಡಿಯಲ್ಲಿ ಕೆಸರು ಮೆತ್ತಿಕೊಂಡು ಕೂತಿರುತ್ತದೆ.

ಹಾಗಾಗಿ ಅವಳ ಹೆಗಲ ಚೀಲದಲ್ಲಿ ಒಂದು ಪುಟ್ಟ ಅಂಗಡಿಯೇ ಇದೆ. ಕೆಸರು ಉಜ್ಜಲು ಹಳೆಯ ಹಲ್ಲುಜ್ಜುವ ಬ್ರಷ್ಷು, ಮಾಸಿದ ಅಂಕಿ ಎದ್ದು ಕಾಣಲು ಸವರುವ ಪೌಡರ್ ಡಬ್ಬಿ, ಹಣೆಗೆ ಕಟ್ಟುವ ಟಾರ್ಚು, ಮಳೆಗೆ ಫೋನು ತೊಡುವ ಪ್ಲಾಸ್ಟಿಕ್ ಕವರು, ಬಿಸಿಲನ್ನು ಕತ್ತಲ ಮೂಲೆಗೆ ತಿರುಗಿಸಲು ಸ್ಕೂಟರಿನ ಒಡೆದ ಕನ್ನಡಿ. ಗುಂಡಿಗೆ ಫೋನು ಇಳಿಸುವ ಕೋಲನ್ನು ಸೈಕಲ್ ಅಂಗಡಿ ಇಟ್ಟಿರುವ ಅವಳ ಗಂಡ ಕೊಡೆಯ ಕಡ್ಡಿಯಲ್ಲಿ ಮಾಡಿಕೊಟ್ಟಿದ್ದಾನೆ. ಸೂರ್ಯ ಎಷ್ಟು ಹೊತ್ತಿಗೆ ಯಾವ ಕಡೆಗಿರುತ್ತಾನೆಂದು ಬಾಣ ಹಾಕಿ ತೋರಿಸುವ ಇನ್ನೊಂದು ಆ್ಯಪನ್ನು ಅವಳೇ ಹುಡುಕಿ ಹಾಕಿಕೊಂಡಳು. ಯಾವ ಮನೆಯ ಮೀಟರಿನ ಮೇಲೆ ಎಷ್ಟು ಹೊತ್ತಿಗೆ ಬಿಸಿಲು ಬೀಳುತ್ತದೆಂದು ಅವಳಿಗೆ ಬಾಯಿಪಾಠ. ತನ್ನ ಅಡುಗೆಮನೆಯಲ್ಲಿ ಬಿಸಿಲು ಬೀಳುತ್ತದೋ ಇಲ್ಲವೋ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾಳೆ.

ಇಂಥವಳಿಗೆ ಐದು ತಿಂಗಳ ಹಿಂದೆ ಪಕ್ಕದ ಬಡಾವಣೆಯನ್ನೂ ಹಚ್ಚಿದರು. ಅಲ್ಲಿ ಮೀಟರ್ ಓದುತ್ತಿದ್ದ ಹಿರಿಯರು ನಿವೃತ್ತಿಯಾಗುವ ದಿನದವರೆಗೂ ಫೋನು ಮುಟ್ಟಿದವರಲ್ಲ. ಪುಸ್ತಕ, ಪೆನ್ನು, ಕಿವಿಯ ಮೇಲೊಂದು ಪೆನ್ಸಿಲ್, ಅಷ್ಟೇ. ಆ ಬಡಾವಣೆಯ ಕೊನೆಯ ಮನೆಯೇ ಅವಳಿಗೆ ತಲೆನೋವಾಗಿದ್ದು. ಎಂಜಿನಿಯರ ಕಂಪ್ಯೂಟರಿನ ನಕ್ಷೆಯಲ್ಲಿ ಫೋಟೊ ಬಂದ ಮನೆಗೆಲ್ಲ ಹಸಿರು ಚುಕ್ಕೆ, ಬಾರದ ಮನೆಗೆ ಕೆಂಪು. ನಾನೂರ ಹನ್ನೆರಡು ಹಸಿರಿನ ನಡುವೆ ಅದೊಂದು ಮನೆ ನಾಲ್ಕು ತಿಂಗಳಿಂದ ಮೊಡವೆಯ ಹಾಗೆ ಕೆಂಪಗೆ ಕೂತಿತ್ತು.

ಎಂಜಿನಿಯರು ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವರು, ನಕ್ಷೆಯ ಮೇಲೆ ಭಕ್ತಿ ಜಾಸ್ತಿ.

"ಅಕ್ಕ, ಈ ಮನೆಗೆ ನೀವು ಹೋಗ್ತಾನೇ ಇಲ್ಲ ಅಂತ ಮೇಲಿನವರು ಅಂತಿದಾರೆ."

"ಹೋಗ್ತೀನಿ ಸಾರ್. ಅಲ್ಲೊಂದು ನಾಯಿ ಇದೆ."

"ಕಚ್ಚುತ್ತಾ?"

"ಕಚ್ಚಿದ್ರೆ ಚೆನ್ನಾಗಿತ್ತು ಸಾರ್, ಕಚ್ಚೋ ನಾಯಿ ಅಂತ ಬರೆಯೋಕೆ ಆ್ಯಪಲ್ಲಿ ಜಾಗ ಇದೆ. ಇದು ಮುದ್ದು ಮಾಡುತ್ತೆ. ಅದಕ್ಕೆ ಜಾಗ ಇಲ್ಲ."

ಎಂಜಿನಿಯರು ನಗಲಿಲ್ಲ. "ಈ ತಿಂಗಳ ಕೊನೆ ದಿನದೊಳಗೆ ಇದು ಹಸಿರಾಗ್ಲಿಲ್ಲ ಅಂದ್ರೆ ನಿಮ್ಮನ್ನ ಒಳಗೆ ಹಾಕ್ತಾರೆ. ದೂರು ವಿಭಾಗ. ಫ್ಯಾನಿದೆ, ಕುರ್ಚಿ ಇದೆ, ಆರಾಮಾಗಿರಿ."

ದೂರು ವಿಭಾಗದ ಆ ಕುರ್ಚಿಯನ್ನು ಮೀಟರಕ್ಕ ಬಲ್ಲಳು. ಕಿಟಕಿಯಿಲ್ಲದ ಕೋಣೆ, ಬೆಳಗಿನಿಂದ ಸಂಜೆಯವರೆಗೆ ನೀರು ಬಾರದವರ ಬೈಗುಳ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಅವಳು. ಹತ್ತು ನಿಮಿಷ ಒಂದೇ ಕಡೆ ಕೂತರೆ ಪಾದ ತುರಿಸುತ್ತದೆ. ಅವಳಿಗೆ ಬೀದಿ ಬೇಕು, ಬಿಸಿಲು ಬೇಕು, ಗೇಟಿನಾಚೆಯಿಂದ "ಏನಕ್ಕಾ, ಇವತ್ತು ಲೇಟು?" ಎನ್ನುವ ಜನ ಬೇಕು.

ಇಷ್ಟಕ್ಕೂ ಆ ಮನೆಯಲ್ಲಿ ಆಗುತ್ತಿದ್ದುದು ಇಷ್ಟೇ. ಅಲ್ಲಿರುವವರು ಮದುವೆಯ ಗೋಜಿಗೇ ಹೋಗದ ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರು. ಜೊತೆಗೊಂದು ಕಂದು ನಾಯಿ, ವಯಸ್ಸು ಒಂಬತ್ತು, ಹೆಸರು ಮಾತ್ರ ಇನ್ನೂ ಮರಿ. ಮೀಟರು ಅಂಗಳದ ಗುಂಡಿಯಲ್ಲಿ. ಅವಳು ಕೋಲಿಗೆ ಫೋನು ಸಿಕ್ಕಿಸಿ ಗುಂಡಿಗೆ ಇಳಿಸುವುದೇ ತಡ, ಮರಿ ಎಲ್ಲಿದ್ದರೂ ಓಡಿಬಂದು ಮೂತಿ ತೂರಿಸುತ್ತಿತ್ತು. ಆ್ಯಪಿಗೋ ಹೊಸದಾಗಿ ಒಂದು ಮಡಿವಂತಿಕೆ ಬಂದಿತ್ತು. ಹಿಂದೆ ಯಾವುದೋ ಮೀಟರಿನ ಫೋಟೊದಲ್ಲಿ ಟವೆಲ್ ಸುತ್ತಿಕೊಂಡ ಯಜಮಾನರೊಬ್ಬರು ಬಂದುಬಿಟ್ಟು ದೊಡ್ಡ ರಂಪವಾಗಿತ್ತಂತೆ. ಅಂದಿನಿಂದ ಮನುಷ್ಯರದೋ ನಾಯಿಯದೋ, ಮುಖ ಕಂಡರೆ ಸಾಕು, ತೆರೆ ಕೆಂಪಾಗಿ ಬರಹ ಮೂಡುತ್ತಿತ್ತು: "ಮುಖ ಪತ್ತೆಯಾಗಿದೆ. ವ್ಯಕ್ತಿಗಳ ಚಿತ್ರ ತೆಗೆಯುವಂತಿಲ್ಲ." ಚಿತ್ರ ಅಳಿಸಿಹೋಗುತ್ತಿತ್ತು. ದಿನಕ್ಕೆ ಮೂರೇ ಅವಕಾಶ. ಮೂರೂ ಮುಗಿದರೆ ಆ ಮನೆಗೆ ಅವತ್ತು ಬೀಗ.

"ಆಹಾ, ಎಷ್ಟು ಚೆನ್ನಾಗಿ ಬಂದಿದೀಯ ನೋಡು, ಹೀರೋ!" ಎಂದು ಅವಳು ಪ್ರತಿ ಸಲ ಹಲ್ಲು ಕಚ್ಚಿಕೊಂಡು ನಾಯಿಗೆ ಹೇಳುತ್ತಿದ್ದಳು. "ಮಾಸ್ಟರೇ, ಇವನನ್ನ ಸ್ವಲ್ಪ ಹಿಡ್ಕೊಳ್ಳಿ" ಎಂದೂ ಕೇಳಿದ್ದಳು. ಅವರು ಹಿಡಿದುಕೊಂಡರು, ನಿಜ. ಹಿಡಿದು ಗುಂಡಿಯ ಬಾಯಿಗೇ ತಂದು ನಿಲ್ಲಿಸಿದರು. ಮುದುಕರಿಗೆ ಅರಳುಮರಳು ಎಂದುಕೊಂಡು ಅವಳು ಸುಮ್ಮನಾದಳು. ಬಿಸ್ಕತ್ತು ಎಸೆದು ನೋಡಿದಳು. ಮರಿ ಬಿಸ್ಕತ್ತನ್ನು ಬಾಯಲ್ಲಿಟ್ಟುಕೊಂಡೇ ಬಂದು ಫೋಟೊಗೆ ನಿಂತಿತು.

ತಿಂಗಳ ಕೊನೆಯ ದಿನ ಬಂತು. ಆ ಗುಂಡಿಗೆ ಬಿಸಿಲು ಬೀಳುವುದು ಹತ್ತೂಕಾಲಿಗೆ, ಅದೂ ಕಾಲು ಗಂಟೆ ಮಾತ್ರ. ಮೀಟರಕ್ಕ ಹತ್ತು ಗಂಟೆಗೇ ಬಂದು ಮೀಟರಿಗೆ ಸ್ನಾನ ಮಾಡಿಸಿ ಪೌಡರ್ ಹಚ್ಚಿ ಕಾದಳು. ಬಿಸಿಲು ಇಳಿಯಿತು, ಫೋನು ಇಳಿಯಿತು, ಮೂತಿಯೂ ಇಳಿಯಿತು. ಮುಖ ಪತ್ತೆಯಾಗಿದೆ. ಎರಡನೆಯ ಸಲ ಅವಳು ಬೆನ್ನನ್ನು ಅಡ್ಡ ಕೊಟ್ಟು ಕೂತಳು. ಕಂಕುಳ ಸಂದಿಯಿಂದ ಮೂತಿ ಬಂತು. ಮುಖ ಪತ್ತೆಯಾಗಿದೆ. ಉಳಿದದ್ದು ಒಂದೇ. ಮೀಟರಕ್ಕ ಗುಂಡಿಯ ಪಕ್ಕದಲ್ಲೇ ಕುಕ್ಕರಿಸಿ ಕೂತು ಗೊಳೋ ಎಂದು ಅತ್ತುಬಿಟ್ಟಳು.

ಸ್ಟೇಷನ್ ಮಾಸ್ಟರು ಗಾಬರಿಯಾದರು. "ಯಾಕಮ್ಮ, ಸರಿಯಾಗಿ ಬರ್ಲಿಲ್ವಾ? ಇವತ್ತು ಬೆಳಿಗ್ಗೇನೇ ಸ್ನಾನ ಮಾಡ್ಸಿ ಬಾಚಿದೀನಲ್ಲ!"

"ಯಾರಿಗೆ?"

"ಮರಿಗೆ. ತಿಂಗಳು ತಿಂಗಳು ಅವನ ಫೋಟೊ ತೆಗೆಯೋಕೆ ಅಂತ ಬರ್ತೀಯ, ಗಲೀಜಾಗಿ ನಿಲ್ಲಿಸೋದಾ?"

ಮೀಟರಕ್ಕ ಕಣ್ಣೊರೆಸಿಕೊಂಡು ವಿಚಾರಿಸಿದಳು. ಸಾಕುನಾಯಿಗಳನ್ನು ಫೋಟೊ ಸಮೇತ ನೋಂದಾಯಿಸುತ್ತೇವೆಂದು ಎಂದೋ ನಗರಸಭೆಯಿಂದ ಬಾಗಿಲಿಗೆ ಒಂದು ಚೀಟಿ ಬಂದಿತ್ತಂತೆ. ಮರುತಿಂಗಳೇ ಇವಳು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು, ಕೋಲಿಗೆ ಫೋನು ಕಟ್ಟಿಕೊಂಡು ಬಂದಳಂತೆ. ಸಾಲದ್ದಕ್ಕೆ ಹೀರೋ ಎಂದು ಹೊಗಳಿಕೆ ಬೇರೆ. ಹಾಗಾಗಿ ಅವಳು ಫೋನು ಇಳಿಸಿದ ಕೂಡಲೇ ಮಾಸ್ಟರು ಜಗಲಿಯಿಂದ ನಾಯಿಗೆ ಕೈಬೀಸಿ "ಹೋಗು, ಹೋಗು" ಎನ್ನುತ್ತಿದ್ದರು.

"ನಾನು ಮೀಟರ್ ಓದೋಳು ಮಾಸ್ಟರೇ!"

"ಮೀಟರ್ ಓದೋರು ಪುಸ್ತಕ ಹಿಡ್ಕೊಂಡು ಬರ್ತಾರಲ್ಲಮ್ಮ?"

ಕೆಂಪು ಚುಕ್ಕೆ, ಕಿಟಕಿಯಿಲ್ಲದ ಕೋಣೆ, ಇವತ್ತೇ ಕೊನೆ ದಿನ, ಎಲ್ಲವನ್ನೂ ಮೀಟರಕ್ಕ ಒಂದೇ ಉಸಿರಿನಲ್ಲಿ ಹೇಳಿದಳು. ಮಾಸ್ಟರು ಕೈಗಡಿಯಾರ ನೋಡಿಕೊಂಡರು. ಹತ್ತು ಇಪ್ಪತ್ತೇಳು. ಮೂವತ್ತೈದು ವರ್ಷ ರೈಲು ಬಿಟ್ಟ ಮನುಷ್ಯ, ಮೂರು ನಿಮಿಷದ ಬೆಲೆ ಅವರಿಗೆ ಗೊತ್ತಿತ್ತು. ಒಳಗೆ ಓಡಿ, ಮಾಸಿದ ಕೆಂಪು ಬಾವುಟ ತಂದು, ಅಂಗಳದ ನಡುವೆ ಬಿಚ್ಚಿ ಹಿಡಿದರು. ಮರಿ ಇದ್ದಲ್ಲೇ ಕುಂಡೆಯೂರಿತು. ಕಿವಿ ಕೂಡ ಅಲುಗಲಿಲ್ಲ.

"ಇದೊಂದು ಬಾವುಟ ಇದೆ ಅಂತ ಮೊದ್ಲೇ ಹೇಳ್ಬಾರ್ದಾ!"

"ನಿಲ್ಲಿಸ್ಬೇಕು ಅಂತ ನೀನು ಮೊದ್ಲೇ ಹೇಳ್ಬಾರ್ದಾ!"

ಫೋನು ಇಳಿಯಿತು. ಬಿಸಿಲಿನ ಕೊನೆಯ ಪಟ್ಟಿ ಅಂಕಿಗಳ ಮೇಲಿತ್ತು. ಕ್ಲಿಕ್. ಹಸಿರು. ಮೀಟರಕ್ಕ ಫೋನನ್ನು ಎದೆಗೊತ್ತಿಕೊಂಡು, ಬಾವುಟ ಹಿಡಿದ ಮಾಸ್ಟರ ಸುತ್ತ ಒಂದು ಸುತ್ತು ಕುಣಿದಳು. ನಲವತ್ತಾರರ ಹೆಂಗಸು ಹಾಗೆಲ್ಲ ಕುಣಿಯಬಾರದೆಂದು ಯಾರಾದರೂ ಅಂದರೆ ಅನ್ನಲಿ.

ಬಾವುಟ ಮಡಿಸುತ್ತಾ ಮಾಸ್ಟರು ಮೆಲ್ಲಗೆ ಕೇಳಿದರು. "ಹಾಗಾದ್ರೆ ಮರಿ ಫೋಟೊಗಳು? ಇಷ್ಟು ತಿಂಗಳಿಂದ ತೆಗೆದಿದ್ದು?"

"ಆ್ಯಪು ಅಳಿಸಿಹಾಕುತ್ತೆ ಮಾಸ್ಟರೇ. ಒಂದೂ ಇಲ್ಲ."

ಮಾಸ್ಟರು ಮನೆಯೊಳಗೆ ತಿರುಗಿ ನೋಡಿದರು. ತೆರೆದ ಬಾಗಿಲಿನಿಂದ ಹಜಾರದ ಗೋಡೆ ಕಾಣುತ್ತಿತ್ತು. ಅಲ್ಲೊಂದು ಗಾಜಿನ ಚೌಕಟ್ಟು, ಒಳಗೆ ಬರೀ ರಟ್ಟು. ನಗರಸಭೆಯವರು ಒಂದು ಪ್ರತಿ ಕೊಟ್ಟೇ ಕೊಡುತ್ತಾರೆಂದು ಐದು ತಿಂಗಳಿಂದ ತೂಗುಹಾಕಿಟ್ಟಿದ್ದರು.

ಅವಳು ತನ್ನ ಸ್ವಂತ ಫೋನು ತೆಗೆದಳು. ಮಾಸ್ಟರನ್ನು ಮೆಟ್ಟಿಲ ಮೇಲೆ ಕೂರಿಸಿ, ಪಕ್ಕದಲ್ಲಿ ಮರಿಯನ್ನು ಕೂರಿಸಿ, ಕನ್ನಡಿ ತಿರುಗಿಸಿ ಬೆಳಕು ಬಿಟ್ಟು, ಎಲ್ಲ ಸಜ್ಜು ಮಾಡಿದಳು. ಮರಿ ಎದ್ದು ಸೀದಾ ಹೋಗಿ ಗುಂಡಿಗೆ ಮೂತಿ ತೂರಿಸಿ ನಿಂತಿತು. ಕರೆತಂದರು, ಮತ್ತೆ ಹೋಯಿತು. ಫೋಟೊ ಎಂದರೆ ಗುಂಡಿ ಎಂದು ಅದಕ್ಕೆ ಕಲಿಸಿದವರು ತಾನೇ ಯಾರು?

"ಸರಿ ಕಣೋ ಹೀರೋ, ನೀನು ಹೇಳ್ದಂಗೇ ಆಗ್ಲಿ" ಎಂದು ಮೀಟರಕ್ಕ ಫೋನಿಗೆ ಪ್ಲಾಸ್ಟಿಕ್ ಕವರು ತೊಡಿಸಿ, ಆಕಾಶ ನೋಡುವಂತೆ ಗುಂಡಿಯೊಳಗೆ ಮಲಗಿಸಿದಳು. ಹತ್ತು ಸೆಕೆಂಡಿಗೆ ತಾನಾಗಿ ಕ್ಲಿಕ್ಕಾಗುವಂತೆ ಇಟ್ಟಳು. ಹಿಂದೆ ಆಕಾಶ ಬೆಳ್ಳಗಿದ್ದರೆ ಮುಖ ಇದ್ದಿಲಾಗುತ್ತದೆಂದು ಕನ್ನಡಿಯಿಂದ ಬಿಸಿಲನ್ನು ಮುಖಕ್ಕೆ ಬಿಟ್ಟಳು. ಮಾಸ್ಟರು ಮಂಡಿ ನೋವನ್ನು ಬೈದುಕೊಂಡು ಮರಿಯ ಪಕ್ಕ ಬಗ್ಗಿ, ಗುಂಡಿಯೊಳಗೆ ಇಣುಕಿದರು.

ಮರುತಿಂಗಳು ಮೀಟರಕ್ಕ ಹೋದಾಗ, ಅವಳು ಪ್ರಿಂಟು ಹಾಕಿಸಿ ಕಳಿಸಿದ್ದ ಆ ಫೋಟೊ ಚೌಕಟ್ಟಿನಲ್ಲಿತ್ತು. ಅರ್ಧ ಚಿತ್ರ ತುಂಬ ಒದ್ದೆ ಮೂಗು, ಉಳಿದರ್ಧದಲ್ಲಿ ಕಣ್ಣು ಕಿರಿದು ಮಾಡಿಕೊಂಡ, ಬಾಯಿ ತುಂಬ ನಗುವ ಸ್ಟೇಷನ್ ಮಾಸ್ಟರು. ಅದರ ಪಕ್ಕದಲ್ಲಿ ಹೊಸದೊಂದು ಮೊಳೆ, ಮೊಳೆಗೆ ಇನ್ನೊಂದು ಖಾಲಿ ಚೌಕಟ್ಟು.

"ಇದ್ಯಾಕೆ ಮಾಸ್ಟರೇ?"

"ನಿನ್ನ ಒಳಗೆ ಹಾಕ್ಲಿಲ್ವಲ್ಲ. ತಿಂಗಳು ತಿಂಗಳು ಬರ್ತೀಯ ತಾನೇ?"

ಮೀಟರಕ್ಕ ಕೋಲಿಗೆ ಫೋನು ಸಿಕ್ಕಿಸಿದಳು. "ಬರ್ತೀನಿ. ಈಗ ಬಾವುಟ ಎತ್ಕೊಳ್ಳಿ, ಬಿಸಿಲು ಹೋಗುತ್ತೆ" ಎಂದಳು.