ಹತ್ತನೆಯವಳು

ಶಿವಗಂಗವ್ವ ಬನಹಟ್ಟಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ನಾಲ್ಕು ವರ್ಷ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದಳು. ಸರ್ಕಾರದ ಪ್ರಕಾರ ಒಂದು ದಿನವೂ ಸುತ್ತಲಿಲ್ಲ. ಇದನ್ನು ಅವಳ ಗುಣಗಾನಕ್ಕೆಂದು ಹೇಳುತ್ತಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಇರಲಾಗದೆ ಹೇಳುತ್ತಿದ್ದೇನೆ.

ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ಮೇಲೆ ಕಾರ್ಖಾನೆಗಳಿಗೆ ಹೊಸ ಕಾಯಿದೆ ಬಂತು. ಎಂಜಿನ್ನು ಓಡುವ ಜಾಗದಲ್ಲಿ ಹತ್ತು ಮಂದಿ ದುಡಿದರೆ ಅದು ಕಾರ್ಖಾನೆ, ಒಂಬತ್ತಾದರೆ ಅಲ್ಲ. ಕಾರ್ಖಾನೆಯಾದರೆ ಎಂಜಿನ್ನಿನಿಂದ ಮಗ್ಗಗಳಿಗೆ ಓಡುವ ಚರ್ಮದ ಪಟ್ಟಾಕ್ಕೆ ಕಬ್ಬಿಣದ ಜಾಳಿಗೆ ಹಾಕಿಸಬೇಕು. ಹಾಕಿದ್ದಾರೋ ಇಲ್ಲವೋ ಎಂದು ನೋಡಲು ಇನ್ಸ್‌ಪೆಕ್ಟರು ಬರುತ್ತಾರೆ. ನಮ್ಮ ಸಾವ್ಕಾರರು ಭಾರೀ ಶಾಣ್ಯಾ ಮನುಷ್ಯ. ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು ಬರೆಸಿದರು. ನಾನು ಅದರಲ್ಲೊಬ್ಬ. ಎಂಜಿನ್ನು ನೋಡಿಕೊಳ್ಳುತ್ತಿದ್ದ ಗಿರಮಲ್ಲಪ್ಪ ಇನ್ನೊಬ್ಬ. ಅವನ ಹೆಂಡತಿ ಶಿವಗಂಗವ್ವ ಹತ್ತನೆಯವಳಾದಳು, ಹಾಗಾಗಿ ಅವಳ ಹೆಸರು ಬರೆಯಲಿಲ್ಲ.

ಅವಳಿಗೊಂದು ಪಾಠ ಹೇಳಿಕೊಟ್ಟಿದ್ದರು. ಗಂಡನ ಬುತ್ತಿಗಂಟು ಸದಾ ಪಕ್ಕದಲ್ಲಿರಬೇಕು. ಪ್ಯಾಂಟು ತೊಟ್ಟವರು ಯಾರೇ ಬಾಗಿಲಿಗೆ ಬಂದರೂ ಗಂಟು ಎತ್ತಿಕೊಂಡು ನಿಂತು, "ಗಂಡಗ ಬುತ್ತಿ ಕೊಡಾಕ ಬಂದೇನ್ರಿ" ಅನ್ನಬೇಕು. ಒಮ್ಮೆ ಸಾಲಿ ಮಾಸ್ತರರು ಧೋತರ ಕೊಳ್ಳಲು ಬಂದಾಗಲೂ ಹಾಗೇ ಅಂದುಬಿಟ್ಟಳು.

"ನನಗ್ಯಾಕ ಹೇಳ್ತಿ ಬೇ?" ಎಂದರು ಮಾಸ್ತರರು.

ಶೆಡ್ಡಿಗೆ ಶೆಡ್ಡೇ ನಕ್ಕಿತು. "ನಾ ಇಲ್ಲಿ ದೆವ್ವ ಇದ್ದಂಗ ನೋಡ್ರಿ. ದುಡೀತೇನಿ, ಕಾಣೂದಿಲ್ಲ" ಎಂದು ಅವಳೂ ನಕ್ಕಳು. ಬೀಳಗಿ ಕಡೆಯಿಂದ ಸೊಸೆಯಾಗಿ ಬಂದವಳು, ಬಾಯಿ ಜೋರು. ಹರಿದ ನೂಲನ್ನು ನೋಡದೆಯೇ ಗಂಟು ಹಾಕುತ್ತಿದ್ದಳು.

ಅವಳು ಕೂರುವ ಮಣೆಯಿಂದ ಗೇಣು ದೂರದಲ್ಲೇ ಪಟ್ಟಾ ಓಡುತ್ತಿತ್ತು. ಎರಡು ಸಲ ಸೆರಗು ಹಿಡಿದಿತ್ತು. ಒಂದು ದಿನ ಅವಳು ಸಾವ್ಕಾರರನ್ನು ತಡೆದು, "ಇದಕ್ಕೊಂದು ಜಾಳಿಗಿ ಹೊಡಸ್ರೀ ಯಪ್ಪಾ" ಎಂದಳು.

"ಜಾಳಿಗಿ ಕಾರಖಾನಿಗೆ ಬೇ. ಇದು ನಮ್ಮ ಮನಿ ಇದ್ದಂಗ. ಸೆರಗು ಬಿಗದ ಕಟ್ಕೋ" ಎಂದು ಅವರು ಹೋದರು. ನಾವು ನಮ್ಮ ನಮ್ಮ ಮಗ್ಗಕ್ಕೆ ಹೋದೆವು.

ಭಾದ್ರಪದದ ಒಂದು ಮಧ್ಯಾಹ್ನ ನೂಲು ಹರಿಯಿತು. ಅವಳು ಬಾಗಿ ಕೈ ಚಾಚಿದಳು. ಪಟ್ಟಾ ಮೊದಲು ಸೆರಗು ಹಿಡಿಯಿತು, ಆಮೇಲೆ ಬಲಗೈ. ಗಿರಮಲ್ಲಪ್ಪ ಓಡಿಹೋಗಿ ಎಂಜಿನ್ನು ಬಂದ್ ಮಾಡಿದ. ಆದರೆ ಎಂಜಿನ್ನು ಬಂದ್ ಮಾಡಿದರೂ ಅದರ ದೊಡ್ಡ ಚಕ್ರ ಕೂಡಲೇ ನಿಲ್ಲುವುದಿಲ್ಲ. ಅದು ನಿಲ್ಲುವವರೆಗೆ ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಜಮಖಂಡಿ ದವಾಖಾನೆಯಲ್ಲಿ ಮೊಣಕೈವರೆಗೆ ತೆಗೆದರು.

ಯಾರೋ ಅರ್ಜಿ ಬರೆದಿದ್ದರಿಂದ, ತಿಂಗಳೊಳಗೆ ಇನ್ಸ್‌ಪೆಕ್ಟರು ಅವಳ ಮನೆಗೇ ಬಂದರು. ಸಾವ್ಕಾರರು ಹಿಂದಿನ ದಿನವೇ ನಮ್ಮನ್ನು ಕರೆದು, "ಹತ್ತಂದ್ರ ಬಾಗಲಾ ಹಾಕ್ತೇನಿ. ಆಮ್ಯಾಲ ಎಲ್ಲಿ ಮಗ್ಗಾ ಹುಡಕ್ತೀರಿ ಹುಡಕ್ರಿ" ಎಂದಿದ್ದರು. ಇನ್ಸ್‌ಪೆಕ್ಟರು ಬಂದಾಗ ಒಂಬತ್ತೂ ಮಂದಿ ಅವಳ ಮನೆಯ ಗೋಡೆಗೆ ಆತು ನಿಂತಿದ್ದೆವು.

ಇನ್ಸ್‌ಪೆಕ್ಟರದು ಮರಾಠಿ ಮನೆಮಾತು. ಕನ್ನಡ ಸಾವಕಾಶ ಆಡುತ್ತಿದ್ದರು. ಒಳ್ಳೆಯ ಮನುಷ್ಯ, ಅವಳೆದುರು ನೆಲದ ಮೇಲೇ ಕೂತರು. "ಅಕ್ಕಾ, ಖರೆ ಹೇಳ್ರಿ. ನೀವು ಅಲ್ಲೆ ಕೆಲಸಾ ಮಾಡ್ತಿದ್ರಿ, ಹೌದಲ್ಲ? ಹೌದಂದ್ರ ನಿಮಗ ಪರಿಹಾರ ಕೊಡಸ್ತೇನಿ. ಪಟ್ಟಾಕ್ಕ ಜಾಳಿಗಿನೂ ಹಾಕಸ್ತೇನಿ."

ಅವಳು ಗಂಡನನ್ನು ನೋಡಿದಳು. ಅವನು ತಲೆ ಎತ್ತಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆಮೇಲೆ ಉಳಿದ ಎಡಗೈಯಿಂದ ಸೆರಗು ಸರಿಮಾಡಿಕೊಂಡು, "ಗಂಡಗ ಬುತ್ತಿ ಕೊಡಾಕ ಹೋಗಿದ್ನಿರಿ" ಎಂದಳು.

ಅವರು ನಂಬಲಿಲ್ಲ. ನಮ್ಮನ್ನೂ ಸರದಿಯಂತೆ ಕೇಳಿದರು. ನನ್ನ ಸರದಿ ಬಂದಾಗ ನಾನೂ, "ಬುತ್ತಿ ತರ್ತಿದ್ಲರಿ" ಎಂದೆ. ಅವರು ಬರೆದುಕೊಂಡು, ಚಹಾ ಮುಟ್ಟದೆ ಎದ್ದು ಹೋದರು.

ಎರಡು ದಿನ ಬಿಟ್ಟು ನೋಡಲು ಹೋದೆ. ಅವಳು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

"ನಾ ಅಂದದ್ದು ಬಿಡಪಾ. ನಾ ಹೌದಂದಿದ್ರ ನಿಮ್ಮ ಒಂಬತ್ತು ಮಂದಿ ಮನ್ಯಾಗ ಒಲಿ ಹತ್ತತಿರಲಿಲ್ಲ" ಎಂದಳು. ಆಮೇಲೆ ಕೇಳಿದಳು: "ಆದ್ರ ನಿಮ್ಮೊಳಗ ಒಬ್ಬರರ ಅಂತಾರ ಅಂದ್ಕೊಂಡಿದ್ದೆ. ಯಾಕ ಅನ್ನಲಿಲ್ಲ?"

ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಮುಂದಿನ ಸೋಮವಾರ ಅವಳ ಮಣೆಯ ಮೇಲೆ ಮಾಯವ್ವನನ್ನು ಕೂರಿಸಿದರು. ಮಾಯವ್ವ ನನ್ನ ಹೆಂಡತಿ. ಯಾರಾದರೂ ಬಂದು ಕೇಳಿದರೆ ಏನನ್ನಬೇಕೆಂದು ದಾರಿಯುದ್ದಕ್ಕೂ ಅವಳಿಗೆ ನಾನೇ ಹೇಳಿಕೊಟ್ಟೆ.