ನೇರಪ್ರಸಾರ ನಿಲ್ಲಿಸಿದ ಮಾಷ್ಟ್ರು

ಮಾಷ್ಟ್ರ ಬಲಗೈಯ ತೋರುಬೆರಳು ಅರ್ಧವೇ ಇತ್ತು. ಪ್ರಾಯದಲ್ಲಿ ಸ್ಟುಡಿಯೊ ದೀಪದ ಹಗ್ಗಕ್ಕೆ ಸಿಕ್ಕಿ ಹೋದದ್ದಂತೆ. ತಾಲೀಮಿನಲ್ಲಿ ಐದು, ನಾಲ್ಕು, ಮೂರು ಎಂದು ಒಂದೊಂದೇ ಬೆರಳು ಮಡಚುತ್ತ ಬಂದು, ಕೊನೆಗೆ ಆ ಮೋಟು ಬೆರಳು ಮಾತ್ರ ಉಳಿದಾಗ ನಾವು ನಮ್ಮ ನಮ್ಮ ಜಾಗದಲ್ಲಿ ಸಿದ್ಧರಾಗಿ ನಿಲ್ಲುತ್ತಿದ್ದೆವು. ಅದೂ ಮಡಚಿತೆಂದರೆ ಕ್ಯಾಮೆರಾ ನಮ್ಮನ್ನು ನೋಡುತ್ತಿದೆ, ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಕುವೈತಿನ ನಮ್ಮ ಸಂಘದಲ್ಲಿ ಎಲ್ಲರಿಗೂ ಅವರು ಮಾಷ್ಟ್ರು. ಹೊಟ್ಟೆಪಾಡಿಗೆ ಶುವೈಖ್‌ನ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್. ಅದಕ್ಕೂ ಮೊದಲು, ಊರಲ್ಲಿ ಟಿವಿ ಹೊಸದಾಗಿದ್ದಾಗ, ರಂಗನಾಟಕಗಳನ್ನು ಸ್ಟುಡಿಯೊದಲ್ಲಿ ಆಡಿಸಿ ನೇರವಾಗಿ ಮನೆಮನೆಗೆ ತೋರಿಸುತ್ತಿದ್ದ ಕಾಲದಲ್ಲಿ, ಅವರು ನಟರಿಗೆ ಸನ್ನೆ ಕೊಡುವ ಕೆಲಸದಲ್ಲಿದ್ದರು. ಬೀಳುತ್ತಿದ್ದ ಸೆಟ್ಟಿನ ಗೋಡೆಯನ್ನು ನಟನೊಬ್ಬ ಇಡೀ ದೃಶ್ಯ ಬೆನ್ನಲ್ಲೇ ತಡೆದು ನಿಂತ ಕತೆ ಹೇಳಿ ನಮ್ಮನ್ನು ನಗಿಸುತ್ತಿದ್ದರು. ಆ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಮಾತ್ರ ಎದ್ದು ಹೋಗಿ ಚಹಾದ ಲೋಟ ತೊಳೆಯುತ್ತಿದ್ದರು.

ಜನ ಸೇರಬಾರದೆಂದು ಸಭಾಂಗಣಗಳೆಲ್ಲ ಮುಚ್ಚಿದ್ದ ವರ್ಷ, ಸಂಘದ ನಾಟಕವನ್ನು ಅವರ ಗೋದಾಮಿನಿಂದಲೇ ಇಂಟರ್‌ನೆಟ್‌ನಲ್ಲಿ ನೇರಪ್ರಸಾರ ಮಾಡುವುದೆಂದಾಯಿತು. ಹದಿನಾಲ್ಕು ಪಾತ್ರಗಳ ನಾಟಕವನ್ನು ಮಾಷ್ಟ್ರು ಒಂದು ಕೋಣೆಗೆ, ಎರಡು ಪಾತ್ರಗಳಿಗೆ ಇಳಿಸಿದರು. ಅಪ್ಪನ ಪಾತ್ರ ನನ್ನದು, ಮಗಳ ಪಾತ್ರ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಕೊಂಕಣಿ ಹೆಣ್ಣುಮಗಳದ್ದು. ಕ್ಯಾಮೆರಾ ಹಿಡಿದವನು ನಮ್ಮ ಬ್ಯಾರಿ ಗೆಳೆಯ. ಸ್ಟೇಜಿನಲ್ಲಿ ಕೊನೆಯ ಸಾಲಿಗೆ ಕೇಳಿಸಬೇಕು, ಇಲ್ಲಿ ಕೊನೆಯ ಸಾಲು ನಿಮ್ಮ ಮೂಗಿನಿಂದ ಒಂದು ಮೊಳ ದೂರದಲ್ಲಿದೆ ಎನ್ನುತ್ತಿದ್ದರು ಮಾಷ್ಟ್ರು. ದಿನ ಹತ್ತಿರವಾದಂತೆ ಅವರ ಮುಖ ಕಳೆಗುಂದಿತು. ಮೊದಲೇ ರೆಕಾರ್ಡ್ ಮಾಡಿ ಹಾಕುವ ಎಂದು ಸಮಿತಿಯನ್ನು ಎರಡು ಸಲ ಕೇಳಿಕೊಂಡರು. ಪ್ರಚಾರ ಆಗಿಹೋಗಿದೆ ಎಂದು ಸಮಿತಿ ಒಪ್ಪಲಿಲ್ಲ.

ಪ್ರಸಾರವಿದ್ದ ಶುಕ್ರವಾರ ಬೆಳಗ್ಗಿನಿಂದಲೇ ನನ್ನ ಎದೆಯ ಮೇಲೆ ಏನೋ ಭಾರ. ಎಡ ಭುಜ ಸೆಳೆಯುತ್ತಿತ್ತು. ಯಾರಿಗೂ ಹೇಳಲಿಲ್ಲ. ಮಿರ್ಕಾಬ್‌ನ ನಮ್ಮ ಕಚೇರಿಯಲ್ಲಿ ಪ್ರತಿ ವಾರ ಇಬ್ಬರು ಮೂವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸುತ್ತಿದ್ದರು. ನಮ್ಮ ಮ್ಯಾನೇಜರ್ ಸಂಘದ ಸದಸ್ಯನೂ ಹೌದು. ಕಾಯಿಲೆಯವನೆಂಬ ಸುದ್ದಿ ಹಬ್ಬಿದರೆ ಮುಂದಿನ ಸರದಿ ನನ್ನದು.

ಸದ್ದಾಗಬಾರದೆಂದು ಏಸಿ ಆರಿಸಿದ್ದರು. ಎರಡನೇ ಅಂಕದಲ್ಲಿ ಅಪ್ಪ ಮಗಳನ್ನು ಗದರಬೇಕು. ಬೆವರು ಕಣ್ಣಿಗಿಳಿಯಿತು, ಮಾತಿನ ನಡುವೆ ಉಸಿರು ಸಿಗಲಿಲ್ಲ. ಕಂಪ್ಯೂಟರ್ ಪರದೆಯಲ್ಲಿ ನೋಡುಗರ ಮೆಚ್ಚುಗೆ ಒಂದೇ ಸಮನೆ ಏರುತ್ತಿತ್ತಂತೆ. ಎಲ್ಲ ಅಭಿನಯವೆಂದುಕೊಂಡು ಗೆಳೆಯ ನನಗೆ ಹೆಬ್ಬೆರಳು ತೋರಿಸಿದ. ಮಾಷ್ಟ್ರು ಪರದೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನಡೆದು ಬಂದು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಂತರು.

"ಸಾಕು, ಖಲಾಸ್," ಎಂದರು. ಗೆಳೆಯ ಪ್ರಸಾರ ನಿಲ್ಲಿಸಿದ. ಮಾಷ್ಟ್ರು ನನ್ನ ಭುಜ ಹಿಡಿದು ಮೆಲ್ಲಗೆ ಕೇಳಿದರು: "ಎದೆನೋವುಂಟಲ್ಲ? ಸುಳ್ಳು ಹೇಳಬೇಡ ಮಾರಾಯ."

ನರ್ಸ್ ನಾಡಿ ಹಿಡಿದು ನೋಡಿ, ಕೂಡಲೇ ಕಾರು ತರಲು ಹೇಳಿದಳು. ಇನ್ನೊಂದು ಅಂಕ ಆಡಿದ್ದರೆ ನೀವು ಉಳಿಯುತ್ತಿರಲಿಲ್ಲ ಎಂದು ಆಮೇಲೆ ಅವಳೇ ಹೇಳಿದ್ದು. ಆಸ್ಪತ್ರೆಯ ಸ್ಟ್ರೆಚರ್ ಮೇಲೆ ಮಲಗಿ ನಾನು ಬೇಡಿಕೊಂಡದ್ದು ಒಂದೇ, ಕಚೇರಿಗೆ ಗೊತ್ತಾಗಬಾರದು. ಮಾಷ್ಟ್ರು ತಲೆಯಾಡಿಸಿದರು. ಮನೆಯಲ್ಲಿ ಎಲ್ಲರಿಗೂ ಜ್ವರ, ಹೊರಗೆ ಬರುವಂತಿಲ್ಲ ಎಂದು ಕಚೇರಿಗೆ ತಿಳಿಸಿದೆವು. ಆ ದಿನಗಳಲ್ಲಿ ಅದನ್ನು ಯಾರೂ ಪ್ರಶ್ನಿಸುತ್ತಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ದಿನ ಅವರೇ ಕಾರಿನಲ್ಲಿ ಮನೆಗೆ ಕರೆತಂದರು. ಸಿಗ್ನಲ್‌ನಲ್ಲಿ ನಿಂತಿದ್ದಾಗ ತಾವಾಗಿ ಹೇಳತೊಡಗಿದರು. ಹಿಂದೊಮ್ಮೆ ನೇರಪ್ರಸಾರದ ನಡುವೆ ಹಿರಿಯ ನಟರೊಬ್ಬರು ಎದೆ ಒತ್ತಿಕೊಂಡು ಕುರ್ಚಿಗೆ ಕುಸಿದರಂತೆ. ಬರೆದ ನಾಟಕದಲ್ಲಿ ಅದಿರಲಿಲ್ಲ. ಇವರ ಕಿವಿಯ ಹೆಡ್‌ಫೋನಿನಲ್ಲಿ ಮುಂದುವರಿಸಿ ಎಂಬ ಆಜ್ಞೆ. ಅವರ ಎದುರು ಆಡುತ್ತಿದ್ದ ನಟಿಗೆ ಇವರು ಹಾಗೆಯೇ ಸನ್ನೆ ಮಾಡಿದರು. ಕ್ಯಾಮೆರಾ ಅವಳ ಮುಖಕ್ಕೆ ತಿರುಗಿತು. ಸಾಯುತ್ತಿದ್ದ ಮನುಷ್ಯನ ಎದುರು ಆಕೆ ಏಳು ನಿಮಿಷ ತನ್ನ ಮಾತು ಒಪ್ಪಿಸಿದಳು.

"ನಿಲ್ಲಿಸಿ ಅಂತ ನಾನು ಕೈ ಎತ್ತಬಹುದಿತ್ತು," ಎಂದರು. "ಎತ್ತಲಿಲ್ಲ."

ಹಸಿರು ದೀಪ ಬಂದು ಹಿಂದಿನವರು ಹಾರ್ನ್ ಹೊಡೆದರೂ ಅವರ ಕಾರು ಕದಲಲಿಲ್ಲ.

ಸಮಿತಿಗೆ ಅವರು ಬೇರೆಯೇ ಹೇಳಿದ್ದರು: ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಲ್ಲಿ ಅಡ್ಡ ಬಂದೆ, ತಪ್ಪು ನನ್ನದು. ನಿಜ ಗೊತ್ತಿದ್ದ ನರ್ಸ್, ಗೆಳೆಯ ಇಬ್ಬರಿಂದಲೂ ಸುಮ್ಮನಿರುವ ಮಾತು ಪಡೆದಿದ್ದರು. ಮಾಷ್ಟ್ರಿಗೆ ಅರಳುಮರಳು ಎಂದು ಸಮಿತಿ ಮುಂದಿನ ವರ್ಷದಿಂದ ನಾಟಕವನ್ನು ಬೇರೆಯವರ ಕೈಗೆ ಕೊಟ್ಟಿತು. ಅವರು ಬಂದು ಪ್ರೇಕ್ಷಕರ ನಡುವೆ ಕೂತು ನೋಡಿ ಹೋಗುತ್ತಿದ್ದರು. ನಾನು ಸ್ಟೇಜಿನ ಮೇಲಿರುತ್ತಿದ್ದೆ.

ಎರಡು ವರ್ಷದ ಹಿಂದೆ ಅವರು ತಮ್ಮ ರೂಮಿನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಶ್ರದ್ಧಾಂಜಲಿ ಸಭೆಯಲ್ಲಿ ಅಧ್ಯಕ್ಷರು, ಕೊನೆಗೊಂದು ತಪ್ಪು ಮಾಡಿದರು, ಅದನ್ನು ಮರೆಯೋಣ ಎಂದರು. ನನ್ನನ್ನೂ ಎರಡು ಮಾತಿಗೆ ಕರೆದರು. ಎರಡನೇ ಸಾಲಿನಲ್ಲಿ ನನ್ನ ಮ್ಯಾನೇಜರ್ ಕೂತಿದ್ದ. ಮಾಷ್ಟ್ರು ನಮಗೆ ಅಭಿನಯ ಕಲಿಸಿದರು ಎಂದಷ್ಟೇ ಹೇಳಿ ಕೆಳಗಿಳಿದೆ. ನಾನು ಹತ್ತಿರ ಬರುವುದನ್ನು ಕಂಡು ನರ್ಸ್ ತನ್ನ ಪಕ್ಕದ ಖಾಲಿ ಕುರ್ಚಿಯ ಮೇಲೆ ಬ್ಯಾಗ್ ಇಟ್ಟಳು.

ಕಳೆದ ತಿಂಗಳು ಆ ಕಚೇರಿ ಬಿಟ್ಟೆ. ಈಗ ಹೇಳುತ್ತಿದ್ದೇನೆ: ಆ ದಿನ ಕ್ಯಾಮೆರಾ ಕೆಟ್ಟಿರಲಿಲ್ಲ.