ಸೂರ್ಯಕಾಂತ ನೋಡಿಕೊಟ್ಟ ಫೈಲು

ಜೇವರ್ಗಿಯಲ್ಲಿ ಮನೆ ಕೊಳ್ಳಲು ಬ್ಯಾಂಕ್ ಸಾಲ ಬೇಕೆಂದರೆ ಹದಿನೆಂಟು ವರ್ಷ ಒಂದೇ ಹೆಸರಿತ್ತು, ಸೂರ್ಯಕಾಂತ. ಝೆರಾಕ್ಸ್ ಅಂಗಡಿಯ ಮಗ್ಗುಲಲ್ಲಿ ಒಂದು ಮೇಜು, ಎರಡು ಕುರ್ಚಿ, ಅಷ್ಟೇ ಅವನ ಆಫೀಸು. ಆಳಂದದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಸಂಬಳದ ಚೀಟಿಯಿಂದ ವಂಶವೃಕ್ಷದವರೆಗೆ ಕಾಗದ ಕೂಡಿಸಿ, ಎಲ್ಲಿ ಬಡ್ಡಿ ಕಡಿಮೆ, ಯಾವ ಮ್ಯಾನೇಜರ್ ಸುಮ್ಮಸುಮ್ಮನೆ ಅಲೆದಾಡಿಸುತ್ತಾನೆ ಎಂದು ನೋಡಿ ಫೈಲು ಒಯ್ಯುತ್ತಿದ್ದ. ಸಾಲ ಮಂಜೂರಾದ ಮೇಲೆಯೇ ಅವನ ಕಮಿಷನ್. ಅವನು ನೋಡಿದ ಫೈಲು ವಾಪಸು ಬಂದದ್ದಿಲ್ಲ, ಆ ಮಾತು ಸುಳ್ಳಲ್ಲ.

ಅವನ ಕೈಕೆಳಗೇ ಕೆಲಸ ಕಲಿತ ಭಾಗ್ಯಜ್ಯೋತಿ ಬಸ್ ಸ್ಟ್ಯಾಂಡ್ ಎದುರು ಸ್ವಂತ ಆಫೀಸು ತೆರೆದದ್ದೇ ತಡ, ಇವನ ಹೊಟ್ಟೆಗೆ ಬೆಂಕಿ ಬಿತ್ತು. ಗಾಜಿನ ಬಾಗಿಲಂತೆ, ಕೂಲರಂತೆ, ಬಂದವರಿಗೆಲ್ಲ ಚಹಾ ಅಂತೆ! ಕೆಲಸವಿಲ್ಲದಿದ್ದರೂ ದಿನಕ್ಕೆ ನಾಲ್ಕು ಸಲ ಆ ದಾರಿಯಲ್ಲಿ ಹಾದು, ಹೊರಗೆ ಬಿಟ್ಟ ಚಪ್ಪಲಿ ಎಣಿಸಿ ಬರುತ್ತಿದ್ದ. ಇದ್ಯಾವ ಸುಡುಗಾಡು ಚಟವೋ! ಚಪ್ಪಲಿ ಜಾಸ್ತಿ ಕಂಡ ದಿನ ಹೆಂಡತಿ ರೇವಮ್ಮ ಮಾಡಿದ ಪಲ್ಯದಲ್ಲಿ ಉಪ್ಪು ಹೆಚ್ಚಾಗಿದೆ ಎಂದು ರೇಗುತ್ತಿದ್ದ.

ಕೊನೆಗೆ ವತ್ಸಲಾಬಾಯಿಯೂ ಅಲ್ಲಿಗೇ ಹೋದರು. ನೆಲೋಗಿಯ ಶಾಲೆಯ ಟೀಚರು, ಗಂಡ ತೀರಿದ ಮೇಲೆ ಹನ್ನೆರಡು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದವರು. ಇಜೇರಿಯ ಶಂಕರಲಿಂಗನಿಗೆ ಜೇವರ್ಗಿಯಲ್ಲಿದ್ದ ತಂದೆಯ ಕಾಲದ ಮನೆ ಅವರಿಗೆ ಒಪ್ಪಿಗೆಯಾಗಿತ್ತು. ತಿಂಗಳೊಳಗೆ ಸಾಲ ಆಗದಿದ್ದರೆ ಮನೆ ಬೇರೆಯವರ ಪಾಲು ಎಂದು ಕರಾರಾಗಿತ್ತು.

ಒಂದು ದಿನ ಭಾಗ್ಯಜ್ಯೋತಿ ಆ ಫೈಲು ಹಿಡಿದು ಸೂರ್ಯಕಾಂತನ ಮೇಜಿಗೇ ಬಂದಳು.

“ಅಣ್ಣಾರ, ನಾಳೆ ಬ್ಯಾಂಕಿಗೆ ಕೊಡಾಕತ್ತೇನಿ. ನೀವೊಮ್ಮೆ ನೋಡ್ರಿ. ನಿಮ್ಮ ಕಣ್ಣಿಗೆ ಬಿದ್ರ ನನಗ ಧೈರ್ಯ.”

ಬೆಣ್ಣೆ ಹಚ್ಚುತ್ತಾಳೆ ನೋಡು, ಎಂದು ಒಳಗೊಳಗೇ ಹಲ್ಲು ಕಡಿದ. ಹಾಳೆ ತಿರುವುತ್ತಾ ವಂಶವೃಕ್ಷಕ್ಕೆ ಬಂದಾಗ ಕೈ ನಿಂತಿತು. ಅಲ್ಲಿ ವಾರಸುದಾರನಾಗಿ ಶಂಕರಲಿಂಗನೊಬ್ಬನೇ ಇದ್ದ. ಅಫಜಲಪುರಕ್ಕೆ ಕೊಟ್ಟ ತಂಗಿ ಹೀರಾಬಾಯಿಯ ಹೆಸರಿರಲಿಲ್ಲ. ಪಾಲು ಬೇಡ ಎಂದ ತಂಗಿಗೆ ಶಂಕರಲಿಂಗ ಇಳಕಲ್ ಸೀರೆ ಕೊಟ್ಟು, ಉಡಿ ತುಂಬಿ ಕಳಿಸಿದ್ದ. ಅಲ್ಲಿಗೆ ಹಕ್ಕು ಮುಗಿಯಿತೆಂದೇ ಈ ಕಡೆ ಎಷ್ಟೋ ಮನೆಗಳವರ ನಂಬಿಕೆ, ಕಾಗದ ಮಾಡಿಸುವವರು ಕಡಿಮೆ. ಬ್ಯಾಂಕಿನ ವಕೀಲರು ಮಾತ್ರ ನೋಂದಣಿಯಾದ ಹಕ್ಕು ಬಿಡುಗಡೆ ಪತ್ರ ಕೇಳುತ್ತಾರೆ. ಸೂರ್ಯಕಾಂತ ಅದೆಲ್ಲ ಬಲ್ಲ. ಉಡಿ ತುಂಬಿದ ದಿನ ಆ ಮನೆಯಲ್ಲಿ ಊಟಕ್ಕೂ ಕೂತಿದ್ದ.

“ಎಲ್ಲಾ ಬರೋಬರಿ ಅದ ಬೇ,” ಎಂದು ಫೈಲು ಮುಚ್ಚಿ ಕೊಟ್ಟ. ಆ ದಿನ ಹೊಟ್ಟೆ ತುಂಬ ಉಂಡ.

ಮೂರನೇ ವಾರ ವಕೀಲರು ಹಳೆಯ ರೇಷನ್ ಕಾರ್ಡು ತರಿಸಿದರು, ತಂಗಿಯ ಹೆಸರು ಸಿಕ್ಕಿತು. ಸಾಲ ನಿಂತಿತು. ಸಹಿ ಕೇಳಲು ಹೋದರೆ ಹೀರಾಬಾಯಿಯ ಗಂಡ, ಪಾಲು ಕೊಡದೆ ಸಹಿ ಇಲ್ಲ ಎಂದು ಕೂತುಬಿಟ್ಟ. ಗಡುವು ಮುಗಿಯಿತು. ಶಂಕರಲಿಂಗ ನಗದು ಕೊಡುವವರಿಗೆ ಮನೆಯ ಮಾತು ಕೊಟ್ಟ.

ಫೈಲು ವಾಪಸು ಪಡೆದು ಕರಾರು ಮುರಿಯಲು ಎಲ್ಲರೂ ಬ್ಯಾಂಕಿನಲ್ಲಿ ಸೇರಿದ ದಿನ ಸೂರ್ಯಕಾಂತನೂ ಅಲ್ಲಿದ್ದ. ಭಾಗ್ಯಜ್ಯೋತಿಯ ಸಪ್ಪೆ ಮುಖ ನೋಡಲೆಂದೇ ಹೋಗಿದ್ದ.

“ಉಡಿ ತುಂಬಿ ಕಳ್ಸೇನಿ, ಪಾಲು ಅವತ್ತೇ ಮುಗೀತ್ರಿ!” ಶಂಕರಲಿಂಗ ಒದರಾಡಿದ. “ಬೇಕಂದ್ರ ಸೂರ್ಯಕಾಂತಗ ಕೇಳ್ರಿ. ಅವತ್ತು ಬಂದಿದ್ದ, ಹೋಳಿಗಿ ಮ್ಯಾಲ ಹೋಳಿಗಿ ತಿಂದಾನ!”

ಭಾಗ್ಯಜ್ಯೋತಿ ತಿರುಗಿ ನೋಡಿದಳು. ಕೂಗಾಡಲಿಲ್ಲ.

“ನೀವು ನೋಡೀರಿ ಅಂತ ನಾ ಮತ್ತ ನೋಡ್ಲಿಲ್ರಿ ಅಣ್ಣಾರ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು ಸೂರ್ಯಕಾಂತನಿಗೆ. ವತ್ಸಲಾಬಾಯಿ ಬೈದಿದ್ದರೂ ತಡೆದುಕೊಳ್ಳುತ್ತಿದ್ದ. ಅವರು ಒಂದೇ ಮಾತು ಕೇಳಿದರು.

“ನನ್ನ ಮ್ಯಾಲ ಏನ್ ಸಿಟ್ಟಿತ್ರಿ ನಿಮಗ?”

ಅವರ ಮೇಲೆ ಏನೂ ಇರಲಿಲ್ಲ.

“ಬರ್ರಿ ಬಾಯಾರ, ಬ್ಯಾರೆ ಮನಿ ಹುಡುಕೂಣು,” ಎಂದು ಭಾಗ್ಯಜ್ಯೋತಿ ಅವರ ಕೈ ಹಿಡಿದಳು. ವತ್ಸಲಾಬಾಯಿ ಕಣ್ಣೊರೆಸಿಕೊಂಡು ಅವಳ ಜೊತೆಗೇ ನಡೆದರು. ಮನೆ ಕೈಬಿಟ್ಟು ಹೋದ ಮೇಲೂ ಅವಳ ಜೊತೆಗೇ! ಥೂ, ಆಗಲೂ ಸೂರ್ಯಕಾಂತನ ಹೊಟ್ಟೆ ಉರಿಯಿತು.